1007ರ ಲಕ್ಕುಂಡಿ ಸಂತೆಯಲ್ಲಿ ಮೆಣಸಿನಕಾಯಿ

ಗದಗಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಇತಿಹಾಸ ಕಲಿಸುತ್ತೇನೆ. ಒಂದು ಸಣ್ಣ ತಂಡದವರು ಲಕ್ಕುಂಡಿ ಮೇಲೆ ವಿಆರ್ (ಹೆಡ್‌ಸೆಟ್ ಹಾಕಿಕೊಂಡರೆ ಸುತ್ತಲೂ ಕಾಣುವ ಕಂಪ್ಯೂಟರ್ ಲೋಕ) ಮಾಡಿಕೊಂಡು ಬಂದಿದ್ದರು. ಕಾಲ 1007, ಅತ್ತಿಮಬ್ಬೆ ಬ್ರಹ್ಮ ಜಿನಾಲಯ ಕಟ್ಟಿಸಿದ ಕಾಲ. "ಇತಿಹಾಸ ಸರಿ ಐತೇನು ನೋಡಿ ಹೇಳ್ರಿ ಸರ್" ಅಂದರು.

ಹೆಡ್‌ಸೆಟ್ ಹಾಕಿಕೊಂಡು ತಪ್ಪು ಹುಡುಕೋಕೆ ಆಗಲ್ಲ. ಕತ್ತು ತಿರುಗಿಸಿದ ಕಡೆಯೆಲ್ಲ ಅವರದೇ ಲೋಕ, ಪೆನ್ನು ಹಿಡಿಯೋಕೂ ಬರಲ್ಲ. ಅದಕ್ಕೆ ಸುಮ್ನೆ ಒಮ್ಮೆ ನೋಡಿ ಮುಗಿಸಿದೆ. ಆಮೇಲೆ ಹೆಡ್‌ಸೆಟ್ ಒಬ್ಬ ಹುಡುಗನಿಗೆ ಕೊಟ್ಟು, ಅವನಿಗೆ ಕಾಣುವುದನ್ನು ಟಿವಿಗೆ ಹಾಕಿಸಿ, ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡೆ. ಇವತ್ತಿಗೂ ನಿಂತಿರುವ ಕಲ್ಲಾದರೆ 'ಕ', ಶಾಸನದಲ್ಲಿ ಇದ್ದರೆ 'ಶಾ', ಊಹೆಯಾದರೆ 'ಊ'. ಪುಟದ ತುಂಬ 'ಊ' ಬಂತು. ಊಹೆ ಇಲ್ಲದೆ ಹಳೆ ಊರನ್ನು ಮತ್ತೆ ಕಟ್ಟೋಕೆ ಆಗಲ್ಲ, ಒಪ್ಪುತ್ತೇನೆ. ಆದರೆ ಯಾವುದು ಊಹೆ ಅಂತ ನೋಡುವವರಿಗೆ ಹೇಳಬೇಕಲ್ವಾ? ಹಳೆಯದನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುವವರಿಗೆಂದು ಮಾಡಿದ 2009ರ ಲಂಡನ್ ಚಾರ್ಟರ್ ಎಂಬ ಮಾರ್ಗಸೂಚಿ ಕೇಳುವುದೂ ಅದನ್ನೇ.

ಸಂತೆ ದೃಶ್ಯದಲ್ಲಿ ಕೆಂಪಗೆ ಒಣ ಮೆಣಸಿನಕಾಯಿ ರಾಶಿ, ಥೇಟ್ ಬ್ಯಾಡಗಿ ಮಾರ್ಕೆಟ್. ಬಸದಿ ಬಾಗಿಲಿಗೆ ಚೆಂಡು ಹೂವಿನ ಮಾಲೆ. ಎರಡರ ಮೂಲವೂ ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋಗಿ ಬಂದ ಮೇಲೆ ಇತ್ತ ಬಂದವು. ಅತ್ತಿಮಬ್ಬೆಯ ಕಾಲದ ಅಡುಗೆಗೆ ಖಾರ ಬೇಕಿದ್ದರೆ ಕಾಳುಮೆಣಸು, ಹಿಪ್ಪಲಿ, ಶುಂಠಿಯಂಥವೇ ಗತಿ. ಲಕ್ಕುಂಡಿಯದೇ ಕಾಶಿ ವಿಶ್ವನಾಥ ಗುಡಿಯೂ ಪೂರ್ತಿ ಎದ್ದು ನಿಂತಿತ್ತು. ಅದು ಮುಂದಿನ ತಲೆಮಾರುಗಳ ಕೆಲಸ. ಇನ್ನು ಬಸದಿ ಸುತ್ತ ಹಸಿರು ಹುಲ್ಲುಹಾಸು! ಈಗಿನ ಫೋಟೋ ನೋಡಿಕೊಂಡೇ ಮಾಡಿದ್ದಾರೆ. ಜನ ವಾಸ ಮಾಡಿದ ಮನೆಗಳು ಉಳಿದಿಲ್ಲ, ಹಾಗಾಗಿ ಇವರ ಲಕ್ಕುಂಡಿಯಲ್ಲಿ ಮನೆಗಳೇ ಇಲ್ಲ, ಕಲ್ಲು ಹೊತ್ತವರೂ ಇಲ್ಲ.

ಇವೆಲ್ಲ ಸುಲಭಕ್ಕೆ ಸಿಗುವ ತಪ್ಪುಗಳು. ನನ್ನ ತಲೆ ತಿಂದದ್ದು, ಆಗ ಇಲ್ಲಿ ಆಳುತ್ತಿದ್ದ ಚಾಲುಕ್ಯರ ಮೇಲೆ ಚೋಳರು ಮಾಡಿದ ದಾಳಿಯ ದೃಶ್ಯ.

ಅದಕ್ಕೆ ಆಧಾರ ಇದೆ. ಹಾವೇರಿ ಜಿಲ್ಲೆಯ ಹೊಟ್ಟೂರು ಶಾಸನ ಅದೇ ಹೊತ್ತಿನದು. ಚೋಳ 9 ಲಕ್ಷ ಸೈನ್ಯದೊಂದಿಗೆ ಬಂದು ನಾಡನ್ನೆಲ್ಲ ಸೂರೆ ಮಾಡಿದ, ಹೆಂಗಸರು ಮಕ್ಕಳನ್ನು ಕೊಂದ ಅಂತ ಅದು ಹೇಳುತ್ತದೆ. ತಂಡದವರು ಆ 9 ಲಕ್ಷವನ್ನು ಅಕ್ಷರಶಃ ತೆಗೆದುಕೊಂಡು ಬಯಲಿನ ಕೊನೆತನಕ ಸೈನಿಕರನ್ನು ನಿಲ್ಲಿಸಿದ್ದಾರೆ. ಶಾಸನ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಅದನ್ನು ಕೆತ್ತಿಸಿದ್ದು ಪೆಟ್ಟು ತಿಂದ ಚಾಲುಕ್ಯರ ಕಡೆಯವರು, ಅಂಥ ದೊಡ್ಡ ಅಂಕಿಯನ್ನು ತಲೆ ಎಣಿಸಿ ಬರೆದಿರಲಿಕ್ಕಿಲ್ಲ. ಚೋಳರ ಶಾಸನ ತೆಗೆದರೆ ಅಲ್ಲಿ ಇರಟ್ಟಪಾಡಿ, ಅಂದರೆ ನಮ್ಮದೇ ನಾಡು, ಗೆದ್ದ ಹೆಮ್ಮೆ.

ನೋಡುವವನು ಎಲ್ಲಿ ನಿಂತಿದ್ದಾನೆ ಅಂತ ಗಮನಿಸಿದೆ. ಪೂರ್ತಿ ಚಾಲುಕ್ಯರ ಸಾಲಿನಲ್ಲೇ, ಕೈಯಲ್ಲಿ ಕತ್ತಿ. ನಮ್ಮವರಿಗೆಲ್ಲ ಮುಖ ಇದೆ, ಹೆಸರಿದೆ. ಚೋಳರಿಗೆ ಶಿರಸ್ತ್ರಾಣದ ಕೆಳಗೆ ಬರೀ ಕತ್ತಲು. ಸೌಂಡ್ ಬಂದ್ ಮಾಡಿ ಮತ್ತೆ ನೋಡಿದೆ. ಅರ್ಧ ಭಯ ಹೋಯಿತು! ಅವರು ಬಂದಾಗ ನಗಾರಿ, ನಮ್ಮವರು ಬಂದಾಗ ಕೊಳಲು, ಅಷ್ಟೇ ಗುಟ್ಟು. ಪಠ್ಯಪುಸ್ತಕದಲ್ಲಿ ಇಂಥದು ಬಂದರೆ ಹುಡುಗರು ಆಕಳಿಸುತ್ತಾರೆ. ಇದನ್ನು ನೋಡಿದ ಹುಡುಗ ಮಾತ್ರ "ನಾ ಕಣ್ಣಾರೆ ನೋಡೇನ್ರಿ ಸರ್, ಅವ್ರು ರಾಕ್ಷಸರು" ಅಂದ.

ಎಲ್ಲವನ್ನೂ ಬರೆದು ಕೊಟ್ಟೆ. ಮೆಣಸಿನಕಾಯಿ, ಚೆಂಡು ಹೂವು, ಹುಲ್ಲು ಬೇಗ ಹೋದವು. ಊಹೆಯ ಕಟ್ಟಡಗಳಿಗೆ ತೆಳು ಬಣ್ಣ ಕೊಟ್ಟರು. ನಗಾರಿ ತೆಗೆದರೆ ಮಜಾ ಇರಲ್ಲ ಅಂತ ಅದನ್ನು ಹಾಗೇ ಬಿಟ್ಟಿದ್ದಾರೆ. ಈಗ ನಾನು ಮೊದಲು ಎರಡೂ ಕಡೆಯ ಶಾಸನದ ಸಾಲುಗಳನ್ನು ಕ್ಲಾಸಿನಲ್ಲಿ ಓದಿಸುತ್ತೇನೆ, ದಾಳಿಯ ದೃಶ್ಯ ಬಂದಾಗ ಸೌಂಡ್ ಬಂದ್ ಮಾಡುತ್ತೇನೆ.