ಕಂಚಿ ಸೀರೆಯಲ್ಲಿ ಸಿಗದ ಮುಖ

ಧಾರವಾಡದಲ್ಲಿ ಕೂತು ಭಾವಚಿತ್ರ ಬರೆಯುತ್ತ ಇಪ್ಪತ್ತು ವರ್ಷವಾಯಿತು. ನನ್ನ ಹತ್ತಿರ ಬರುವವರಲ್ಲಿ ಹೆಚ್ಚಿನವರ ಕೈಯಲ್ಲಿ ತೀರಿಕೊಂಡವರ ಫೋಟೋ ಇರುತ್ತದೆ. ಎರಡು ವರ್ಷದ ಹಿಂದೆ ಬಂದವರೊಬ್ಬರು ತಂದದ್ದು ತಮ್ಮ ತಾಯಿಯ ಕಪ್ಪು-ಬಿಳುಪು ಫೋಟೋ: ಇಳಕಲ್ ಸೀರೆ, ಖಣದ ಕುಪ್ಪಸ, ತಲೆ ಮೇಲೆ ಸೆರಗು.

"ಮುಖ ಇದನ್ನ ತಗೋರಿ ಸರ, ಸೀರಿ ಮಾತ್ರ ಕಂಚೀದು ಹಾಕ್ರಿ. ತಲಿಮ್ಯಾಲಿನ ಸೆರಗು ಬ್ಯಾಡ. ಹಾಲ್‌ನ್ಯಾಗ ಹಾಕೋದದ, ಗ್ರ್ಯಾಂಡ್ ಕಾಣಬೇಕು" ಅಂದರು.

ಒಪ್ಪಬಾರದಿತ್ತು. ಆದರೆ ಆ ತಿಂಗಳು ಬೇರೆ ಕೆಲಸ ಇರಲಿಲ್ಲ.

ಸೀರೆ ಸಲೀಸಾಗಿ ಬಂತು. ಜರಿಗೆ ನಾನು ಬಂಗಾರದ ಬಣ್ಣ ಮುಟ್ಟುವುದಿಲ್ಲ, ಅದು ಗೋಡೆ ಮೇಲೆ ಸತ್ತಂತೆ ಕಾಣುತ್ತದೆ. ಯೆಲ್ಲೋ ಓಕರ್, ನೆರಳಿಗೆ ರಾ ಅಂಬರ್, ಬೆಳಕು ಬಿದ್ದಲ್ಲಿ ನೇಪಲ್ಸ್ ಯೆಲ್ಲೋದ ದಪ್ಪ ಚುಕ್ಕಿಗಳು, ಅಷ್ಟೇ. ಮುಖ ಮಾತ್ರ ಕೈಗೆ ಹತ್ತಲಿಲ್ಲ. ಮೂರು ಸಲ ಕೆರೆದು ಬರೆದೆ. ಕಣ್ಣು, ಮೂಗು, ತುಟಿ ಎಲ್ಲ ಅಳತೆಗೆ ಸರಿ. ಆದರೂ ಯಾರೋ ಬೇರೆ ಹೆಂಗಸು ಕೂತಿದ್ದಳು.

ಆಗ ಹದಿನೆಂಟನೇ ಶತಮಾನದ ಇಂಗ್ಲಿಷ್ ಭಾವಚಿತ್ರಕಾರ ಗೇನ್ಸ್‌ಬರೋ ನೆನಪಾದ. 1771ರಲ್ಲಿ ಲಾರ್ಡ್ ಡಾರ್ಟ್‌ಮತ್‌ನ ಪತ್ನಿಯ ಚಿತ್ರದಲ್ಲಿ ಹೋಲಿಕೆ ಬಂದಿಲ್ಲವೆಂದು ತಕರಾರು ಎದ್ದಾಗ, ಕೆಟ್ಟಿರುವುದು ತೊಡಿಸಿದ ಕಾಲ್ಪನಿಕ ಉಡುಪಿನಿಂದ, ದಿನನಿತ್ಯದ ಉಡುಪಿನಲ್ಲಿ ನೋಡಿದರೆ ಸರಿಹೋಗುತ್ತದೆ ಎಂದು ಅವನು ಪತ್ರ ಬರೆದಿದ್ದ. ಅದೇ ಕಾಲದ ಇನ್ನೊಬ್ಬ ಇಂಗ್ಲಿಷ್ ಕಲಾವಿದ ರೆನಾಲ್ಡ್ಸ್‌ನದು ಇದಕ್ಕೆ ತದ್ವಿರುದ್ಧ ವಾದ. ಫ್ಯಾಶನ್ ಹಳತಾಗುತ್ತದೆ, ಅದರ ಜೊತೆ ಚಿತ್ರವೂ ಹಳತಾಗುತ್ತದೆ ಎಂದು ಅವನು ಶ್ರೀಮಂತ ಹೆಂಗಸರಿಗೆ ಗ್ರೀಕ್-ರೋಮನ್ ಮಾದರಿಯ ಬಟ್ಟೆ ಸುತ್ತುತ್ತಿದ್ದ. (ಆ ಶತಮಾನದ ಲಂಡನ್ನಿನಲ್ಲಿ ಮುಖ ಒಬ್ಬ, ಬಟ್ಟೆ ಇನ್ನೊಬ್ಬ ಬರೆಯುವುದೂ ಇತ್ತು. ವಾನ್ ಆಕೆನ್ ಎಂಬವನು ಹಲವು ಕಲಾವಿದರ ಚಿತ್ರಗಳಿಗೆ ಬಟ್ಟೆ ತೊಡಿಸಿಯೇ ಹೆಸರಾದ.) ಕಾಲೇಜಿನಲ್ಲಿ ನಾನು ರೆನಾಲ್ಡ್ಸ್ ಕಡೆಯವನಿದ್ದೆ.

ಫೋಟೋ ಮತ್ತೆ ಹಿಡಿದು ನೋಡಿದೆ. ಸೆರಗಿನ ನೆರಳು ಕೆನ್ನೆಯ ಮೇಲೆ ಬಿದ್ದು ಅಗಲ ಮುಖವನ್ನು ಕಿರಿದು ಮಾಡಿತ್ತು. ಕಿವಿ ಅರ್ಧ ಮುಚ್ಚಿತ್ತು. ನಾನು ಸೆರಗು ಇಳಿಸಿ, ಕಾಣದ ಕಿವಿ ಊಹಿಸಿ, ನೆರಳಿದ್ದಲ್ಲಿ ಬೆಳಕು ತುಂಬಿದ್ದೆ. ಜನ ಕಂಡ ಮುಖ ಸೆರಗಿನೊಳಗಿನ ಮುಖ.

ಇಳಕಲ್ ಸೀರೆಯಲ್ಲೇ ಬರೆಯುತ್ತೇನೆಂದು ಮಗನಿಗೆ ಫೋನ್ ಮಾಡಿದೆ. ಅವರು ಅರೆಮನಸ್ಸಿನಿಂದ ಚಿಗವ್ವನನ್ನು ಕಳಿಸಿದರು. ಆಕೆ ತಂದ ಚೀಲದಲ್ಲಿ ಅಕ್ಕನ ಸೀರೆಯೇ ಇತ್ತು. ನನ್ನ ಹೆಂಡತಿಗೆ ಉಡಿಸಿ ಕಿಟಕಿ ಪಕ್ಕ ಕೂಡಿಸಿದೆ. ಇಳಕಲ್ಲಿನ ಟೋಪ್ ತೆನಿ ಎಂಬ, ಬಿಳಿ ವಿನ್ಯಾಸದ ಕೆಂಪು ಸೆರಗು ತಲೆಗೇರಿದ್ದೇ ಆ ಕೆಂಪು ಕೆನ್ನೆಯ ಅಂಚಿಗೆ ಹತ್ತಿತು. ಕಪ್ಪು-ಬಿಳುಪು ಫೋಟೋದಲ್ಲಿ ಇದು ಎಲ್ಲಿ ಸಿಗಬೇಕು? ಅಲಿಝರಿನ್ ಕ್ರಿಮ್ಸನ್ ಎಂಬ ಗಾಢ ಕೆಂಪನ್ನು ಒಂದು ಕಡ್ಡಿಯಷ್ಟು ಚರ್ಮದ ಬಣ್ಣಕ್ಕೆ ಬೆರೆಸಿದೆ. ಸೆರಗಿನ ಬಿಳಿ ಹಣಿಗೆ (ಬಾಚಣಿಗೆಯಂಥ), ಕೋಟಿ ಕಮ್ಮಳಿ (ಕೋಟೆಗೋಡೆಯಂಥ) ವಿನ್ಯಾಸಗಳನ್ನು ಎಣಿಸಿ ಬರೆಯಲಿಲ್ಲ. ಮಡಿಕೆ ತಿರುಗಿದಲ್ಲಿ ಸಾಲು ಮುರಿದು ಬಿಟ್ಟೆ. ಮೂರು ಸಲ ಸೋತ ಮುಖ ಒಂದೇ ಮಧ್ಯಾಹ್ನಕ್ಕೆ ಬಂತು.

ಚಿಗವ್ವ ಬಹಳ ಹೊತ್ತು ನೋಡಿ, "ಸೆರಗು ಇಷ್ಟ ಹಿಂದ ಇರತಿದ್ದಿಲ್ಲೋ ತಮ್ಮಾ, ಆಕಿ ಇನ್ನಷ್ಟು ಮುಂದಕ್ಕ ಎಳಕೋತಿದ್ಲು" ಅಂದಳು. ಅರ್ಧ ಬೆರಳು ಮುಂದಕ್ಕೆ ತಂದೆ.

ಮಗ ಚಿತ್ರ ಒಯ್ದು ಹಾಲ್‌ನಲ್ಲೇ ಹಾಕಿದ್ದಾರೆ. ಸಂಜೆ ಕಿಟಕಿಯ ಓರೆ ಬೆಳಕು ಬಿದ್ದರೆ ಇಳಕಲ್ ಸೀರೆಯ ಕೆಳಗಿಂದ ಕಂಚಿ ಜರಿಯ ದಪ್ಪ ಚುಕ್ಕಿಗಳು ಸಾಲಾಗಿ ಉಬ್ಬಿ ಕಾಣುತ್ತವೆ. ಅವರು ಇನ್ನೂ ಗಮನಿಸಿಲ್ಲ, ನಾನೂ ಹೇಳಿಲ್ಲ.