ಘಟ್ಟದಲ್ಲಿ ಮುಳ್ಳು ಏರುತ್ತಿದೆಯೇ? ಫ್ಯಾನ್ ಕ್ಲಚ್ ಬದಲಿಸುವುದು ಹೀಗೆ

ಕುಮಟಾದಿಂದ ಶಿರಸಿಗೆ ಬರುವಾಗ ಕತಗಾಲ ದಾಟಿದ ಮೇಲೆ ದೇವಿಮನೆ ಘಟ್ಟ. ಒಳಗೆ ಏಳು ಜನ, ಮೇಲೆ ಲಗೇಜು, ಎಸಿ ಬೇರೆ. ಎರಡನೇ ಗೇರಿನಲ್ಲಿ ನಾಲ್ಕು ತಿರುವು ಹತ್ತುವಷ್ಟರಲ್ಲಿ ನಮ್ಮ ಹಳೇ ಕ್ವಾಲಿಸ್‌ನ ಟೆಂಪರೇಚರ್ ಮುಳ್ಳು ಮೇಲೇಳುತ್ತಿತ್ತು. ಘಟ್ಟ ಮುಗಿದು ರಾಗಿಹೊಸಳ್ಳಿ ಕಡೆ ಸ್ವಲ್ಪ ಓಡಿಸಿದರೆ ತಾನಾಗಿ ಕೆಳಗಿಳಿಯುತ್ತಿತ್ತು. ಕೂಲೆಂಟ್ ಭರ್ತಿ ಇತ್ತು. ಥರ್ಮೋಸ್ಟಾಟ್ ಹೊಸದು. ರೇಡಿಯೇಟರ್ ತೊಳೆಸಿಯೂ ಆಗಿತ್ತು. ಉಳಿದದ್ದು ಫ್ಯಾನ್ ಕ್ಲಚ್, ಅಂದರೆ ರೇಡಿಯೇಟರ್ ಹಿಂದಿನ ಫ್ಯಾನನ್ನು ಬಿಸಿ ಏರಿದಾಗ ಮಾತ್ರ ಜೋರಾಗಿ ತಿರುಗಿಸುವ ಭಾಗ.

ನಿಮ್ಮ ಗಾಡಿಗೆ ಇದು ಇದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ. ಮಾರುತಿ 800ರಂಥ ಕಾರಿನಲ್ಲಿ ಫ್ಯಾನ್ ತಿರುಗುವುದು ಕರೆಂಟಿನಿಂದ, ಅಲ್ಲಿ ಈ ಕೆಲಸವೇ ಇಲ್ಲ. 2000ದಿಂದ 2005ರವರೆಗೆ ಮಾರಾಟವಾದ ಕ್ವಾಲಿಸ್‌ನಂಥ ಗಾಡಿಗಳಲ್ಲಿ ಎಂಜಿನ್ ಉದ್ದಕ್ಕೆ ಕೂತಿರುತ್ತದೆ, ಫ್ಯಾನ್ ತಿರುಗುವುದು ಬೆಲ್ಟಿನಿಂದ. ಫ್ಯಾನಿನ ನಡುವೆ ತಟ್ಟೆಯಂಥ ಅಲ್ಯೂಮಿನಿಯಂ ಡಬ್ಬಿ, ಅದರ ಮೇಲೆ ಗೀರು ಗೀರಾದ ಅಂಚು ಕಂಡರೆ ಅದೇ ಕ್ಲಚ್.

ಒಳಗಿರುವುದು ಸಿಲಿಕೋನ್ ಎಣ್ಣೆ. ನಮ್ಮ ಜೋನಿ ಬೆಲ್ಲದ ಹಾಗೆ ಮಂದ. ಡಬ್ಬಿಯ ಮುಖದಲ್ಲಿ ಎರಡು ಲೋಹ ಬೆಸೆದ ಒಂದು ಪಟ್ಟಿ ಅಥವಾ ಸುರುಳಿ ಇರುತ್ತದೆ. ರೇಡಿಯೇಟರ್ ದಾಟಿ ಬರುವ ಗಾಳಿ ಬಿಸಿಯಾದರೆ ಅದು ಬಾಗಿ ಒಳಗಿನ ಕಿಂಡಿ ತೆರೆಯುತ್ತದೆ. ಎಣ್ಣೆ ಎರಡು ತಟ್ಟೆಗಳ ನಡುವೆ ನುಗ್ಗಿ ಅಂಟಿನಂತೆ ಹಿಡಿಯುತ್ತದೆ, ಫ್ಯಾನ್ ಜೋರಾಗುತ್ತದೆ. ತಣ್ಣಗಾದರೆ ಕಿಂಡಿ ಮುಚ್ಚಿ ಫ್ಯಾನ್ ಸುಮ್ನೆ ನಿಧಾನಕ್ಕೆ ಸುತ್ತುತ್ತಿರುತ್ತದೆ. ಎಣ್ಣೆ ಸೋರಿದರೆ ಹಿಡಿತ ಹೋಯಿತು. ದಾರಿಯಲ್ಲಿ ಓಡುವಾಗ ಎದುರುಗಾಳಿ ಕಾಪಾಡುತ್ತದೆ, ಘಟ್ಟದ ನಿಧಾನದಲ್ಲಿ ಕಾಪಾಡುವವರಿಲ್ಲ.

ಪರೀಕ್ಷೆ ಸುಲಭ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು ಫ್ಯಾನನ್ನು ಕೈಯಿಂದ ಒಮ್ಮೆ ತಿರುಗಿಸಿ. ಬಿಗಿ ಇದ್ದು ಅಲ್ಲೇ ನಿಂತರೆ ಸರಿ. ನಾಲ್ಕೈದು ಸುತ್ತು ಸರಾಗವಾಗಿ ಹೋದರೆ ಕ್ಲಚ್ ಮುಗಿದಿದೆ. ಡಬ್ಬಿಯ ನಡುವಿನಿಂದ ಅಂಚಿಗೆ ಕಪ್ಪು ಜಿಡ್ಡಿನ ಗೆರೆಗಳಿದ್ದರೆ ಅನುಮಾನವೇ ಬೇಡ. ಉಲ್ಟಾ ಕಾಯಿಲೆಯೂ ಉಂಟು: ಕ್ಲಚ್ ಜಾಮ್ ಆಗಿ ಫ್ಯಾನ್ ಯಾವಾಗಲೂ ಭೋರೆನ್ನುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ.

ಇದೇ ಹೊತ್ತಿನಲ್ಲಿ ಫ್ಯಾನಿನ ಎರಡು ಎದುರು ರೆಕ್ಕೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ರೆಕ್ಕೆಯ ತುದಿಯಲ್ಲಿ ಐದಾರು ಮಿ.ಮೀ. ಆಟ ಸಹಜ, ಅದು ಕ್ಲಚ್ಚಿನದು. ಆದರೆ ಹಿಂದಿನ ಪುಲ್ಲಿಯೂ (ಬೆಲ್ಟ್ ಸುತ್ತುವ ಚಕ್ರ) ಜೊತೆಗೆ ಅಲ್ಲಾಡಿದರೆ, ಇದೆಲ್ಲ ಕೂತಿರುವ ವಾಟರ್ ಪಂಪಿನ ಬೇರಿಂಗ್ ಹೋಗಿದೆ. ಅದರ ಮೇಲೆ ಹೊಸ ಕ್ಲಚ್ ಕೂರಿಸಿದರೆ ದುಡ್ಡು ದಂಡ.

ಹೊಸ ಪಾರ್ಟ್ ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದು ಹೋಗಿ. ಬೋಲ್ಟಿನ ತೂತುಗಳ ಅಂತರ, ನಡುವಿನ ತೂತಿನ ಅಳತೆ, ಒಟ್ಟು ಎತ್ತರ ಮೂರೂ ಕೂಡಬೇಕು. ಎತ್ತರ ಹತ್ತು ಮಿ.ಮೀ. ಜಾಸ್ತಿಯಾದರೆ ಫ್ಯಾನ್ ಅಷ್ಟೇ ರೇಡಿಯೇಟರಿನ ಹತ್ತಿರ ಹೋಗಿ ಕೂರುತ್ತದೆ. ಮನೆಗೆ ತಂದ ಮೇಲೆ ಮಲಗಿಸಿ ಇಡಬೇಡಿ, ಗಾಡಿಯಲ್ಲಿ ಕೂರುವ ಹಾಗೇ ನೆಟ್ಟಗೆ ನಿಲ್ಲಿಸಿ. ಮಲಗಿದ ಕ್ಲಚ್ಚಿನಲ್ಲಿ ಎಣ್ಣೆ ಬೇರಿಂಗಿನ ಕಡೆ ಇಳಿಯಬಹುದು.

ಬಿಚ್ಚುವ ಕೆಲಸಕ್ಕೆ ಬೆಳಿಗ್ಗೆಯೇ ಕೂರಿ, ಎಂಜಿನ್ ಪೂರ್ತಿ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ರೇಡಿಯೇಟರಿನ ಮೈಗೆ ಒಂದು ರಟ್ಟು ಇಳಿಬಿಡಿ, ಸ್ಪ್ಯಾನರ್ ಜಾರಿದರೆ ತೂತಾಗುವುದು ಅದೇ. ಈಗ ಒಂದು ಕಿವಿಮಾತು: ಬೆಲ್ಟ್ ಸಡಿಲಿಸುವ ಮೊದಲೇ ಕ್ಲಚ್ಚಿನ ನಾಲ್ಕು ನಟ್ಟುಗಳನ್ನು ಸಡಿಲಿಸಿ. ಒಂದು ಕೈಯಲ್ಲಿ ಬೆಲ್ಟ್ ಒತ್ತಿ ಹಿಡಿದರೆ ಪುಲ್ಲಿ ತಿರುಗದೆ ನಿಲ್ಲುತ್ತದೆ. ಬೆಲ್ಟ್ ಮೊದಲು ಬಿಚ್ಚಿದಿರೋ, ನಟ್ಟಿನ ಜೊತೆ ಪುಲ್ಲಿಯೂ ಸುತ್ತುತ್ತಾ ಅರ್ಧ ದಿನ ಹೋಗುತ್ತದೆ. ಕೆಲವು ಗಾಡಿಗಳಲ್ಲಿ ನಾಲ್ಕು ನಟ್ಟಿನ ಬದಲು ನಡುವೆ ಒಂದೇ ದೊಡ್ಡ ನಟ್ಟು ಇರುತ್ತದೆ, ಅದರ ಥ್ರೆಡ್ ಎಡಗೈಯದೂ, ಅಂದರೆ ಉಲ್ಟಾ ತಿರುಗಿಸಿ ಬಿಚ್ಚುವಂಥದ್ದೂ ಆಗಿರಬಹುದು. ಬಲ ಹಾಕುವ ಮೊದಲು ಕೇಳಿ ತಿಳಿದುಕೊಳ್ಳಿ.

ನಂತರ ಬೆಲ್ಟ್ ಸಡಿಲಿಸಿ, ಫ್ಯಾನ್ ಸುತ್ತಲಿನ ಪ್ಲಾಸ್ಟಿಕ್ ಕವರಿನ ಬೋಲ್ಟ್ ಬಿಚ್ಚಿ, ನಟ್ಟುಗಳನ್ನು ಪೂರ್ತಿ ತೆಗೆದು, ಕವರನ್ನೂ ಫ್ಯಾನನ್ನೂ ಒಟ್ಟಿಗೇ ಮೇಲಕ್ಕೆ ಎತ್ತಿ. ಫ್ಯಾನಿನ ಮುಂಭಾಗಕ್ಕೆ ಚಾಕ್‌ಪೀಸಿನಲ್ಲಿ ಗುರುತು ಹಾಕಿಯೇ ಕ್ಲಚ್ಚಿನಿಂದ ಬೇರೆ ಮಾಡಿ. ತಿರುವುಮುರುವು ಕೂರಿಸಿದ ಫ್ಯಾನ್ ಗಾಳಿ ಎಳೆಯುವುದೇ ಕಡಿಮೆ. ರೆಕ್ಕೆಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ಫ್ಯಾನ್ ಗುಜರಿಗೆ.

ಇಲ್ಲಿವರೆಗಿನದು ಅರ್ಧ ಗಂಟೆಯ ಕೆಲಸ. ನಾನು ಎಡವಿದ್ದು ಇದರ ಮುಂದೆ.

ನಮ್ಮ ಗಾಡಿ ಮೊದಲು ಕಾರವಾರದಲ್ಲಿತ್ತು. ಕಡಲಗಾಳಿಯ ಉಪ್ಪು ತಿಂದ ಕಬ್ಬಿಣ ಹೇಗಿರುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಿಲ್ಲ. ಕ್ಲಚ್ ಕೂರುವ ಜಾಗವನ್ನು ನಾನು ಉಜ್ಜಿ ಫಳಫಳ ಮಾಡಿದೆ, ಕೂರಿಸಿದೆ, ಸ್ಟಾರ್ಟ್ ಮಾಡಿದೆ. ಫ್ಯಾನ್ ಓಲಾಡುತ್ತಿತ್ತು. ಕ್ಲಚ್ಚೇ ಸೊಟ್ಟ ಅಂತ ಅಂಗಡಿಯವರಿಗೆ ಫೋನ್ ಮಾಡಿ ರೇಗಾಡಿದ್ದೂ ಆಯಿತು. ಪಕ್ಕದ ಮನೆಯ ಹುಡುಗ, ಗ್ಯಾರೇಜಿನಲ್ಲಿ ಕೆಲಸ ಮಾಡಿದವ, ಬಂದು ನೋಡಿ ಒಂದೇ ಮಾತು ಕೇಳಿದ: "ಮಾವ, ಪುಲ್ಲಿ ತೆಗೆದು ಹಿಂದೆ ನೋಡಿದ್ರಾ?"

ನೋಡಿರಲಿಲ್ಲ. ನಟ್ಟು ತೆಗೆದ ಮೇಲೆ ಪುಲ್ಲಿಯೂ ಕೈಗೆ ಬರುತ್ತದೆ. ಅಂದರೆ ಕೂರುವ ಮುಖಗಳು ಎರಡು ಜೋಡಿ: ಪಂಪಿಗೂ ಪುಲ್ಲಿಗೂ ನಡುವೆ ಒಂದು, ಪುಲ್ಲಿಗೂ ಕ್ಲಚ್ಚಿಗೂ ನಡುವೆ ಇನ್ನೊಂದು. ಪುಲ್ಲಿಯ ಬೆನ್ನಲ್ಲಿ ಉಗುರಿನ ಚೂರಿನಷ್ಟು ತುಕ್ಕಿನ ಹಕ್ಕಳೆ ಅಂಟಿಕೊಂಡಿತ್ತು. ಲೆಕ್ಕ ಹಾಕಿ ನೋಡಿ. 60 ಮಿ.ಮೀ. ಅಗಲದ ಮುಖದಲ್ಲಿ ಒಂದು ಬದಿ ಅರ್ಧ ಮಿ.ಮೀ. ಎದ್ದರೆ, 400 ಮಿ.ಮೀ. ಅಗಲದ ಫ್ಯಾನಿನಲ್ಲಿ ಅದು ಮೂರು ಮಿ.ಮೀ.ಗಿಂತ ಜಾಸ್ತಿ ಓಲಾಟ. ಅಂಗಡಿಗೆ ಮತ್ತೆ ಫೋನ್ ಮಾಡಿ ತಪ್ಪಾಯಿತು ಅಂದೆ.

ಹಾಗಾಗಿ ನಾಲ್ಕೂ ಮುಖಗಳನ್ನು ಸ್ಕ್ರೇಪರಿನಲ್ಲಿ ಕೆರೆದು, ಸ್ಯಾಂಡ್‌ಪೇಪರ್ ಹಾಕಿ, ಬಟ್ಟೆಯಲ್ಲಿ ಒರೆಸಿ. ಹೊಸ ಕ್ಲಚ್ಚಿನ ಮುಖದಲ್ಲಿ ದಪ್ಪ ಪೇಂಟ್ ಇದ್ದರೆ ಅದನ್ನೂ ಕೆರೆಯಿರಿ. ನಡುವಿನ ತೂತು ಪಂಪಿನ ಮೂತಿಯ ಮೇಲೆ ಕೈಯಿಂದಲೇ ಕೂರಬೇಕು. ನಟ್ಟು ಬಿಗಿದು ಒಳಗೆಳೆಯಬಹುದು ಅಂತ ಹೊರಟರೆ ಅದು ಸೊಟ್ಟಗೇ ಕೂರುತ್ತದೆ. ನಾಲ್ಕು ನಟ್ಟನ್ನೂ ಬೆರಳಿನಿಂದ ತಿರುಗಿಸಿ ತಾಗಿಸಿ, ಆಮೇಲೆ ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೊನೆಯ ಬಿಗಿತ ಬೆಲ್ಟ್ ಹಾಕಿದ ಮೇಲೆ. ಬಿಗಿತದ ಅಳತೆ ಗಾಡಿಯ ಮ್ಯಾನ್ಯುಯಲ್‌ನಲ್ಲಿ ಇದ್ದ ಹಾಗೆ. ಉದ್ದ ಪೈಪ್ ಹಾಕಿ ಎಳೆದು ಸ್ಟಡ್ (ನಟ್ಟು ಕೂರುವ ಥ್ರೆಡ್ಡಿನ ಕಂಬಿ) ಮುರಿಯಬೇಡಿ.

ನೆಟ್ಟಗಿದೆಯೋ ನೋಡಲು ಒಂದು ಹಿಡಿಕಡ್ಡಿ ಸಾಕು. ಕವರಿಗೆ ಟೇಪಿನಿಂದ ಅಂಟಿಸಿ, ಕಡ್ಡಿಯ ತುದಿ ಒಂದು ರೆಕ್ಕೆಯ ಅಂಚಿಗೆ ತಾಗುವುದೋ ಬೇಡವೋ ಎಂಬಂತಿರಲಿ. ಫ್ಯಾನನ್ನೂ ಪುಲ್ಲಿಯನ್ನೂ ಸೇರಿಸಿ ಕೈಯಿಂದ ನಿಧಾನಕ್ಕೆ ಸುತ್ತಿಸಿ. ಎಲ್ಲ ರೆಕ್ಕೆಗಳೂ ಅದೇ ಅಂತರದಲ್ಲಿ ಹಾದುಹೋಗಬೇಕು. ವ್ಯತ್ಯಾಸ ಕಂಡರೆ ಪುಲ್ಲಿಯ ಅಂಚಿಗೂ ಹೀಗೇ ಕಡ್ಡಿ ಹಿಡಿಯಿರಿ. ಪುಲ್ಲಿಯೂ ಓಲಾಡಿದರೆ ತಪ್ಪು ಅದರ ಹಿಂದಿದೆ. ಪುಲ್ಲಿ ನೆಟ್ಟಗಿದ್ದು ಫ್ಯಾನ್ ಮಾತ್ರ ಓಲಾಡಿದರೆ ಕ್ಲಚ್ಚನ್ನು ಬಿಚ್ಚಿ, ಅರ್ಧ ಸುತ್ತು ತಿರುಗಿಸಿ ಬೇರೆ ಸ್ಟಡ್ಡಿಗೆ ಕೂರಿಸಿ. ಓಲಾಟವೂ ಕ್ಲಚ್ಚಿನ ಜೊತೆ ಜಾಗ ಬದಲಿಸಿದರೆ ಆಗ ಅಂಗಡಿಯವರಿಗೆ ಫೋನ್ ಮಾಡಬಹುದು.

ಕವರಿಗೂ ರೆಕ್ಕೆಗಳ ತುದಿಗೂ ನಡುವಿನ ಸಂದು ಸುತ್ತಲೂ ಒಂದೇ ಸಮ ಇರಲಿ. ಕೆಳಗಡೆ ಬೆರಳು ತೂರದೆ ಮೇಲ್ಗಡೆ ಮುಷ್ಟಿ ತೂರಿದರೆ ಎಂಜಿನ್ ಮೌಂಟಿಂಗ್ ರಬ್ಬರ್ ಕುಗ್ಗಿದೆ ಅಂತ ಅರ್ಥ. ಹಳೇ ಗಾಡಿಗಳಲ್ಲಿ ಇದು ಮಾಮೂಲು.

ರಟ್ಟು, ಸ್ಪ್ಯಾನರ್, ಬಟ್ಟೆ ಎಲ್ಲ ಹೊರಗೆ ತೆಗೆದು, ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ. ಫ್ಯಾನಿನ ಸಾಲಿಗೆ ಮುಖ ಕೊಟ್ಟು ನಿಲ್ಲಬೇಡಿ. ಮೊದಲ ಒಂದೆರಡು ನಿಮಿಷ ಫ್ಯಾನ್ ಭೋರೆನ್ನುತ್ತದೆ, ಗಾಬರಿ ಬೇಡ. ನಿಂತಿದ್ದಾಗ ತಟ್ಟೆಗಳ ನಡುವೆ ಇಳಿದಿದ್ದ ಎಣ್ಣೆ ವಾಪಸ್ ಹೋಗುವವರೆಗೆ ಅದು ಹಾಗೇ. ಆಮೇಲೆ ಸದ್ದಿಳಿಯಬೇಕು. ಎಂಜಿನ್ ಕಾದ ಮೇಲೆ ಅದೇ ಸದ್ದು ಮತ್ತೆ ಎದ್ದರೆ ಕ್ಲಚ್ ಹಿಡಿಯುತ್ತಿದೆ.

ಮುಂದಿನ ಭಾನುವಾರ ಕುಮಟಾಕ್ಕೆ ಹೋಗಿ, ಬರುವಾಗ ಬೇಕಂತಲೇ ಎಸಿ ಹಾಕಿಕೊಂಡು ದೇವಿಮನೆ ಹತ್ತಿದೆ. ಮೂರನೇ ತಿರುವಿನಲ್ಲಿ ಬಾನೆಟ್ ಕೆಳಗಿಂದ ಭೋರ್ ಅಂತ ಸದ್ದು ಬಂತು. ಮುಳ್ಳು ಅರ್ಧದ ಹತ್ತಿರ ನಿಂತಿದ್ದು ಮೇಲೆ ಹೋಗಲೇ ಇಲ್ಲ. "ಏನಿದು ಗಲಾಟೆ?" ಅಂತ ಹಿಂದಿನ ಸೀಟಿನಿಂದ ಮನೆಯವರ ದೂರು ಮಾತ್ರ ಬಂತು.