ಕಾಲೇಜಿನ ಜೊತೆಗೇ ಟ್ರಾನ್ಸಿಷನ್: ಮೊದಲು ಯಾವ ಕೆಲಸ?

ಪಿಯು ಮುಗಿಸಿ ಜಗಳೂರು, ಚನ್ನಗಿರಿ ಕಡೆಯಿಂದ ದಾವಣಗೆರೆಗೆ ಡಿಗ್ರಿ ಓದಲು ಬರುವವರಲ್ಲಿ ಕೆಲವರು ಇನ್ನೊಂದು ವಿಷಯವನ್ನೂ ಮನಸ್ಸಲ್ಲಿ ಇಟ್ಟುಕೊಂಡೇ ಬಸ್ ಹತ್ತಿರುತ್ತಾರೆ. ಮನೆಯವರ ಕಣ್ಣಿಗೆ ಮಗ, ಆದರೆ ತಾನು ಹುಡುಗಿ. ಇಲ್ಲವೇ ಅದರ ಉಲ್ಟಾ. ತನಗೆ ಅನಿಸಿದ ಲಿಂಗದವರಾಗಿ ಬದುಕಲು ಬದಲಾಗುವುದು, ಅಂದರೆ ಟ್ರಾನ್ಸಿಷನ್, ಊರಲ್ಲಿ ಆಗದ್ದನ್ನು ಇಲ್ಲಿ ಶುರು ಮಾಡೋಣ ಅಂದುಕೊಂಡಿರುತ್ತಾರೆ. ಶುರು ಮಾಡಿ. ಆದರೆ ಹಾರ್ಮೋನ್ ಮಾತ್ರೆಯಿಂದ ಬೇಡ, ಕಾಗದಪತ್ರದಿಂದ ಶುರು ಮಾಡಿ.

ಯಾಕೆ ಅಂದರೆ, ಮೊದಲ ಸೆಮಿಸ್ಟರ್ ಪರೀಕ್ಷೆಯ ಅರ್ಜಿಯಲ್ಲಿ ಬರೆದ ಹೆಸರೇ ಮಾರ್ಕ್ಸ್ ಕಾರ್ಡಿಗೆ ಹೋಗುತ್ತದೆ. ಮುಂದೆ ಎಲ್ಲ ಸೆಮಿಸ್ಟರಿನ ಕಾರ್ಡುಗಳನ್ನೂ ತಿದ್ದಿಸುವುದಕ್ಕಿಂತ ಈಗ ಒಂದೆರಡನ್ನು ತಿದ್ದಿಸುವುದು ಸುಲಭ, ಅಲ್ವಾ?

2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕು ರಕ್ಷಣೆ ಕಾಯ್ದೆಯಲ್ಲಿ ಗುರುತಿನ ಪ್ರಮಾಣಪತ್ರ ಕೊಡುವ ಅಧಿಕಾರ ಜಿಲ್ಲಾಧಿಕಾರಿಯದು. ಅರ್ಜಿಯನ್ನು ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆಯ ನ್ಯಾಷನಲ್ ಪೋರ್ಟಲ್‌ನಲ್ಲಿ ಹಾಕಬೇಕು. ಜೊತೆಗೊಂದು ಅಫಿಡವಿಟ್ ಬೇಕು. 18 ತುಂಬಿಲ್ಲದಿದ್ದರೆ ಅಪ್ಪ ಅಮ್ಮ ಅಥವಾ ಪೋಷಕರೇ ಅರ್ಜಿ ಹಾಕಬೇಕು. ಫೋನ್ ನಂಬರ್ ಮಾತ್ರ ನಿಮ್ಮದೇ ಕೊಡಿ. ಅಪ್ಪನ ನಂಬರ್ ಕೊಟ್ಟರೆ ಮೆಸೇಜ್ ಹೋಗುವುದೂ ಅವರಿಗೇ, ನೀವು ಹೇಳುವ ಮೊದಲೇ ವಿಷಯ ಗೊತ್ತಾಗಿರುತ್ತದೆ. 2020ರ ನಿಯಮಗಳ ಪ್ರಕಾರ 30 ದಿನದಲ್ಲಿ ಪ್ರಮಾಣಪತ್ರ ಬರಬೇಕು. ಅದನ್ನು ತೋರಿಸಿದರೆ ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮುಂತಾದವು 15 ದಿನದಲ್ಲಿ ಬದಲಾಗಬೇಕು. ಗುಮಾಸ್ತರ ಟೇಬಲ್ ಮೇಲೆ ನಿಯಮಕ್ಕೂ ಒಮ್ಮೊಮ್ಮೆ ನಿದ್ದೆ ಬರುತ್ತದೆ. ಹಾಗಾಗಿ ಪ್ರತಿ ಅರ್ಜಿಯ ಎರಡನೇ ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ನಿಯಮಗಳು ತಿದ್ದುಪಡಿ ಆಗುತ್ತಿರುತ್ತವೆ. ವೈದ್ಯರ ಕಾಗದ ಬೇಕೋ ಬೇಡವೋ ಎಂಬುದನ್ನು ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲೇ ಓದಿಕೊಳ್ಳಿ.

ಕಾಗದ ಬರುವ ತನಕ ಕ್ಲಾಸಿನಲ್ಲಿ ಏನು ಮಾಡುವುದು? ಇಡೀ ಕಾಲೇಜಿಗೆ ಹೇಳಬೇಕಿಲ್ಲ. ನಂಬಿಕೆ ಹುಟ್ಟಿಸುವ ಒಬ್ಬ ಲೆಕ್ಚರರ್ ಸಾಕು. ‘ಮೇಡಂ, ಹಾಜರಿ ಕರೆಯುವಾಗ ಹೆಸರಿನ ಬದಲು ರೋಲ್ ನಂಬರ್ ಕರೀತೀರಾ?’ ಎಂದು ಕೇಳಿ. ಎಷ್ಟೋ ಕಡೆ ಕರೆಯುವುದೇ ನಂಬರಿನಿಂದ, ಯಾರಿಗೂ ಅನುಮಾನ ಬರುವುದಿಲ್ಲ. ಯಾವ ಶೌಚಾಲಯಕ್ಕೆ ಹೋಗಬೇಕು ಎಂಬುದನ್ನೂ ಅವರ ಹತ್ತಿರವೇ ಮಾತಾಡಿ. ಬೆಳಗ್ಗೆಯಿಂದ ನೀರು ಕುಡಿಯದೆ ಕೂರುವುದು ಪರಿಹಾರವಲ್ಲ. ಯಾರಾದರೂ ಗೋಳು ಹೊಯ್ದುಕೊಂಡರೆ ಅದು ರ‍್ಯಾಗಿಂಗ್. ಯುಜಿಸಿ 2016ರಲ್ಲೇ ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳನ್ನೂ ತನ್ನ ರ‍್ಯಾಗಿಂಗ್ ತಡೆ ನಿಯಮದಡಿ ತಂದಿದೆ. ಸಹಾಯವಾಣಿ 1800-180-5522.

ಬಟ್ಟೆ, ಕೂದಲು ನಿಮ್ಮಿಷ್ಟ, ಬೇಡವೆನಿಸಿದರೆ ವಾಪಸ್ ಬರಬಹುದು. ಎದೆ ಚಪ್ಪಟೆ ಕಾಣಲಿ ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಳ್ಳುವುದು ಮಾತ್ರ ಬೇಡವೇ ಬೇಡ. ಉಸಿರಾಡಿದಂತೆಲ್ಲ ಬಿಗಿಯುತ್ತದೆ, ಪಕ್ಕೆಲುಬಿಗೆ ಪೆಟ್ಟು. ಅದಕ್ಕೆಂದೇ ಇರುವ ಬಿಗಿ ಒಳಉಡುಪು, ಬೈಂಡರ್, ಅಳತೆಗೆ ಸರಿಯಾದದ್ದನ್ನು ತೊಡಿ. ಅದನ್ನೂ ಎಂಟು ಗಂಟೆಗಿಂತ ಜಾಸ್ತಿ ಹಾಕಿರಬೇಡಿ, ಹಾಕಿಕೊಂಡು ಮಲಗಬೇಡಿ.

ಹಾರ್ಮೋನ್ ವಿಷಯಕ್ಕೆ ನಿಧಾನವಾಗಿ ಬನ್ನಿ. ದಾವಣಗೆರೆಯಲ್ಲಿ ಎರಡು ಮೆಡಿಕಲ್ ಕಾಲೇಜುಗಳಿವೆ, ಮೊದಲು ಮನೋವೈದ್ಯರನ್ನು ಕಾಣಲು ಬೆಂಗಳೂರಿಗೇ ಓಡಬೇಕಿಲ್ಲ. ಆಮೇಲೆ ಹಾರ್ಮೋನ್ ತಜ್ಞರು, ರಕ್ತಪರೀಕ್ಷೆ. ಹುಡುಗನಾಗಿ ಬದುಕಬಯಸುವವರು ಟೆಸ್ಟೋಸ್ಟಿರೋನ್ ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ದನಿ ಒಡೆಯುತ್ತದೆ, ಇಂಜೆಕ್ಷನ್ ಬಿಟ್ಟರೂ ಹಳೆಯ ದನಿ ಬರುವುದಿಲ್ಲ. ಈಸ್ಟ್ರೋಜನ್‌ನಿಂದ ಹುಡುಗಿಯಾಗಿ ಬದುಕಬಯಸುವವರಿಗೆ ಎದೆ ಬೆಳೆಯಲು ಶುರುವಾಗುವುದಕ್ಕೇ ಮೂರರಿಂದ ಆರು ತಿಂಗಳು ಬೇಕು. ಆದರೆ ಒಡೆದ ದನಿ ತೆಳುವಾಗುವುದಿಲ್ಲ, ಅದಕ್ಕೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಅಭ್ಯಾಸ ಮಾಡಬೇಕು. ಮುಂದೆ ಮಕ್ಕಳು ಬೇಕೆನಿಸಬಹುದು. ವೀರ್ಯ ಅಥವಾ ಅಂಡಾಣು ಕಾಪಿಡುವ ಬಗ್ಗೆ ಹಾರ್ಮೋನ್ ಶುರುವಾಗುವ ಮೊದಲೇ ಕೇಳಿ. ಸ್ನೇಹಿತರು ಹೇಳಿದರು ಅಂತ ಮೆಡಿಕಲ್ ಶಾಪಿನಲ್ಲಿ ಗರ್ಭನಿರೋಧಕ ಮಾತ್ರೆ ಕೊಂಡು ಎರಡೆರಡು ನುಂಗುವವರಿದ್ದಾರೆ. ಅದರಿಂದ ರಕ್ತ ಹೆಪ್ಪುಗಟ್ಟಿದರೆ ಜೀವಕ್ಕೇ ಅಪಾಯ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸುವುದು ಸುಮ್ನೆ ಅಲ್ಲ.

ಮನೆಯವರಿಗೆ ಯಾವಾಗ ಹೇಳುವುದು? ಫೀಸು ಅವರೇ ಕಟ್ಟುತ್ತಿದ್ದು, ಹೇಳಿದರೆ ಓದು ಬಿಡಿಸುತ್ತಾರೆ ಎಂಬ ಭಯವಿದ್ದರೆ ಕಾಯುವುದು ಸುಳ್ಳು ಹೇಳಿದಂತಲ್ಲ. ಆ ವರ್ಷದ ಫೀಸು ಕಟ್ಟಿ ಆಗಲಿ, ಇರಲು ಜಾಗ ಗಟ್ಟಿಯಾಗಲಿ. ಆಮೇಲೆ ಅಕ್ಕನೋ ಚಿಕ್ಕಮ್ಮನೋ, ಬೈದರೂ ಕೈಬಿಡದವರು ಯಾರೋ ಅವರಿಗೆ ಮೊದಲು ಹೇಳಿ. ಹೇಳುವ ಮುಂಚೆ ಮನಸ್ಸು ತುಂಬಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.